ಕಾರಿನ ಜಿಪಿಎಸ್‌ಗೆ ಪಿನ್ ಲಾಕ್ ಹಾಕಿದರೆ ಕಳ್ಳರು ಮುಟ್ಟುವುದಿಲ್ವಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಯೊಸೆಮಿಟಿ ಕಡೆ ಹೋದರೆ ಫೋನಿನ ನೆಟ್‌ವರ್ಕ್ ಕೈಕೊಡುತ್ತದೆ, ಅದಕ್ಕೇ ದಾರಿ ತೋರಿಸುವ ಹಳೆಯ ಜಿಪಿಎಸ್ ಡಬ್ಬಿ, ಗಾರ್ಮಿನ್ ಕಂಪನಿಯ ನೂವಿಯನ್ನು ಇನ್ನೂ ಬಿಟ್ಟಿಲ್ಲ. ಈಗ ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ತಿರುಗಾಟ ಜಾಸ್ತಿ. ಮೊನ್ನೆ ಗೆಳೆಯರೊಬ್ಬರ ಕಾರಿನ ಗಾಜನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಹಗಲೇ ಒಡೆದು ಒಳಗಿದ್ದದ್ದನ್ನೆಲ್ಲ ಎತ್ತಿಕೊಂಡು ಹೋದರು. ಆಮೇಲಿಂದ ನನಗೆ ಭಯ. ನೂವಿಯ ಸೆಟ್ಟಿಂಗ್ಸ್‌ನಲ್ಲಿ ಗಾರ್ಮಿನ್ ಲಾಕ್ ಅಂತ ಇದೆ, ಅದನ್ನು ಹಾಕಿದರೆ ನಿಜವಾಗಿಯೂ ಪ್ರಯೋಜನ ಇದೆಯಾ? ಪಿನ್ ಮರೆತುಹೋದರೆ ಏನು ಗತಿ? ಮನೆಯವರ ಹೋಂಡಾದಲ್ಲಿ ಕಂಪನಿಯೇ ಕೂರಿಸಿದ ನ್ಯಾವಿಗೇಶನ್ ಇದೆ, ಬ್ಯಾಟರಿ ತೆಗೆದರೆ ಅದೂ ಕೋಡ್ ಕೇಳುತ್ತದಂತೆ. ಎರಡೂ ಒಂದೇನಾ?

ಕೊಲ್ಲಿಕನ್ನಡಿಗ:
ಲಾಕ್ ಖಂಡಿತ ಹಾಕಿ ಮೇಡಂ. ಆದರೆ ಅದು ಏನನ್ನು ಕಾಪಾಡುತ್ತದೆ ಅಂತ ಗೊತ್ತಿರಲಿ. ಗಾಜು ಒಡೆಯುವವನಿಗೆ ಒಳಗಿರುವ ಡಬ್ಬಿಗೆ ಪಿನ್ ಇದೆಯೋ ಇಲ್ಲವೋ ಹೊರಗಿಂದ ಹೇಗೆ ಗೊತ್ತಾಗಬೇಕು? ಅವನು ಒಡೆಯುತ್ತಾನೆ, ಕಿತ್ತುಕೊಂಡು ಓಡುತ್ತಾನೆ, ಆಮೇಲೆ ಆನ್ ಮಾಡಿದಾಗ ಪಿನ್ ಕೇಳುತ್ತದೆ. ಅಷ್ಟರಲ್ಲಿ ನಿಮ್ಮ ಗಾಜು ಹೋಗಿರುತ್ತದೆ. ಪಿನ್‌ನಿಂದ ಆಗುವುದು ಇಷ್ಟು: ಕದ್ದ ಮಾಲು ಮಾರಾಟಕ್ಕೆ ಬರುವುದಿಲ್ಲ, ಮತ್ತು ನಿಮ್ಮ ಮನೆಯ ವಿಳಾಸ ಅವನ ಕೈಗೆ ಸಿಗುವುದಿಲ್ಲ. ಈ ಎರಡನೆಯದು ಸಣ್ಣ ವಿಷಯ ಅಲ್ಲ. ಲಾಕ್ ಇಲ್ಲದ ಜಿಪಿಎಸ್‌ನಲ್ಲಿ ಹೋಮ್ ಒತ್ತಿದರೆ ನೇರ ನಿಮ್ಮ ಬಾಗಿಲಿಗೆ ದಾರಿ ತೋರಿಸುತ್ತದೆ, ಅದೂ ನೀವು ಮನೆಯಲ್ಲಿಲ್ಲ ಅಂತ ಕಳ್ಳನಿಗೆ ಚೆನ್ನಾಗಿ ಗೊತ್ತಿರುವ ಹೊತ್ತಿನಲ್ಲಿ. ಹೋಮ್ ಜಾಗಕ್ಕೆ ಮನೆಯ ಬದಲು ಹತ್ತಿರದ ಪೆಟ್ರೋಲ್ ಬಂಕ್ ಹಾಕಿಡಿ, ಅಲ್ಲಿಂದ ಮನೆಗೆ ದಾರಿ ನಿಮಗೆ ಗೊತ್ತೇ ಇರುತ್ತದೆ ಅಲ್ವಾ.

ಲಾಕ್ ಹಾಕುವಾಗ 4 ಅಂಕಿಯ ಪಿನ್ ಕೇಳುತ್ತದೆ, ಆಮೇಲೆ ಒಂದು 'ಸೆಕ್ಯೂರಿಟಿ ಲೊಕೇಶನ್' ಗುರುತು ಮಾಡಲು ಹೇಳುತ್ತದೆ. ಪಿನ್ ಮರೆತರೆ ನೂವಿಯನ್ನು ಆ ಜಾಗಕ್ಕೆ ತೆಗೆದುಕೊಂಡು ಹೋದರೆ ಸಾಕು, ಸ್ಯಾಟಲೈಟ್ ಸಿಗ್ನಲ್ ಸಿಕ್ಕ ಕೂಡಲೇ ತಾನಾಗೇ ತೆರೆದುಕೊಳ್ಳುತ್ತದೆ. ಸುಮಾರು ಜನ ಇಲ್ಲಿ ಮನೆಯ ಡ್ರೈವ್‌ವೇಯನ್ನೇ ಕೊಡುತ್ತಾರೆ. ಅದು ಬೇಡ. ರಾತ್ರಿಯೆಲ್ಲ ಕಾರು ನಿಲ್ಲುವುದೇ ಅಲ್ಲಿ, ಅಲ್ಲೇ ಕದ್ದು ಅಲ್ಲೇ ಆನ್ ಮಾಡಿದರೆ ಪಿನ್ ಇಲ್ಲದೆಯೇ ತೆರೆಯುತ್ತದೆ, ಆಗ ಲಾಕ್ ಹಾಕಿಯೂ ಸುಮ್ನೆ. ನೀವು ಮರೆಯದ, ಕಾರು ರಾತ್ರಿ ನಿಲ್ಲದ ಜಾಗ ಆರಿಸಿ. ಲಿವರ್ಮೋರ್ ದೇವಸ್ಥಾನಕ್ಕೆ ಆಗಾಗ ಹೋಗುವವರಾದರೆ ಅಲ್ಲಿನ ಪಾರ್ಕಿಂಗ್ ಇಟ್ಟುಕೊಳ್ಳಬಹುದು. ಪಿನ್ನೂ ಮರೆತು ಜಾಗವೂ ಮರೆತರೆ ಖರೀದಿಯ ರಸೀದಿ ಅಥವಾ ರಿಜಿಸ್ಟ್ರೇಷನ್ ದಾಖಲೆ ಜೊತೆ ಕಂಪನಿಗೇ ಕಳಿಸಬೇಕು ಅಂತ ಮ್ಯಾನ್ಯುಯಲ್‌ನಲ್ಲೇ ಇದೆ. ಇಷ್ಟು ಹಳೆಯ ಡಬ್ಬಿಗೆ ಆ ತಾಪತ್ರಯ ಬೇಡ.

ಪಿನ್‌ಗೆ ಮನೆ ನಂಬರ್ ಬೇಡ. ಗ್ಲೋವ್ ಬಾಕ್ಸ್‌ನಲ್ಲಿರುವ ಇನ್ಶೂರೆನ್ಸ್ ಕಾಗದದಲ್ಲಿ ಅದು ಇದ್ದೇ ಇರುತ್ತದೆ.

ಇನ್ನು ಗಾಜು ಉಳಿಯಬೇಕಾದರೆ ಡಬ್ಬಿ ಕಣ್ಣಿಗೆ ಬೀಳಬಾರದು. ಡಬ್ಬಿ ಮಾತ್ರ ಅಲ್ಲ, ಗಾಜಿಗೆ ಅಂಟಿಸುವ ಸ್ಟ್ಯಾಂಡೂ ತೆಗೆಯಬೇಕು, ಅದರ ಹೀರುಬಟ್ಟಲು ಬಿಟ್ಟ ದುಂಡನೆಯ ಗುರುತನ್ನೂ ಒರೆಸಬೇಕು. ಆ ಗುರುತು ನೋಡಿದವನು ಸೀಟಿನ ಕೆಳಗೆ ಇಟ್ಟಿರಬೇಕು ಅಂದುಕೊಂಡೇ ಕೈ ಹಾಕುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ 2009ರ ಜನವರಿ 1ರವರೆಗೆ ಮುಂದಿನ ಗಾಜಿಗೆ ಜಿಪಿಎಸ್ ಅಂಟಿಸುವಂತೆಯೇ ಇರಲಿಲ್ಲ, ಈಗಲೂ ಕೆಳಗಿನ ಮೂಲೆಗಳಲ್ಲಿ ಮಾತ್ರ, ಡ್ರೈವರ್ ಕಡೆ 5 ಇಂಚಿನ ಚೌಕ, ಪಕ್ಕದ ಸೀಟಿನ ಕಡೆ 7 ಇಂಚಿನ ಚೌಕ. ನಾನಂತೂ ಡ್ಯಾಶ್‌ಬೋರ್ಡ್ ಮೇಲೆ ಕೂರುವ ಮರಳುಚೀಲದ ಸ್ಟ್ಯಾಂಡ್ ಬಳಸುತ್ತೇನೆ, ಗಾಜಿಗೆ ಗುರುತೇ ಬೀಳುವುದಿಲ್ಲ. ಡಿಕ್ಕಿಯಲ್ಲಿ ಹಾಕುವುದಾದರೆ ಪಾರ್ಕಿಂಗ್ ತಲುಪುವ ಮುಂಚೆಯೇ ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿ ಹಾಕಿ. ಪಾರ್ಕಿಂಗ್‌ಗೆ ಬಂದ ಮೇಲೆ ಎಲ್ಲರ ಎದುರು ಡಿಕ್ಕಿ ತೆರೆದು ಇಡುವುದು ಇಡದಿದ್ದಷ್ಟೇ ಅಪಾಯ.

ಗ್ಯಾರೇಜ್‌ಮಂಜ (ಬೆಂಗಳೂರು):
ಹೋಂಡಾ ಪ್ರಶ್ನೆಗೆ ನಾನು ಹೇಳ್ತೀನಿ. ಎರಡೂ ಒಂದೇ ಅಲ್ಲ ಮೇಡಂ. ನೂವಿ ಲಾಕ್ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗಲೂ ಪಿನ್ ಕೇಳುತ್ತದೆ. ಕಂಪನಿ ಕೂರಿಸಿದ ಸೆಟ್ ಕೋಡ್ ಕೇಳುವುದು ಕರೆಂಟ್ ಪೂರ್ತಿ ತಪ್ಪಿದ ಮೇಲೆ ಮಾತ್ರ. ಬ್ಯಾಟರಿ ಬದಲಾಯಿಸಿದಾಗ, ಬ್ಯಾಟರಿ ಪೂರ್ತಿ ಇಳಿದುಹೋದಾಗ, ಇಲ್ಲವೇ ಯಾರಾದರೂ ಸೆಟ್ ಬಿಚ್ಚಿ ಬೇರೆ ಕಾರಿಗೆ ಹಾಕಿದಾಗ. ಕದ್ದವನಿಗೆ ಅದನ್ನು ಮಾರಲು ಆಗಬಾರದು ಅನ್ನುವುದೇ ಉದ್ದೇಶ.

ಇಲ್ಲೂ ಇದು ದಿನಾ ನೋಡುವ ವಿಷಯ. ರೆನೋ ಡಸ್ಟರ್‌ನ ಮೀಡಿಯಾನ್ಯಾವ್ ಸೆಟ್, ಹಳೆಯ ಫೋಕ್ಸ್‌ವ್ಯಾಗನ್ ರೇಡಿಯೋ, ಎಲ್ಲದಕ್ಕೂ 4 ಅಂಕಿಯ ಕೋಡ್. ಫೋಕ್ಸ್‌ವ್ಯಾಗನ್‌ನಲ್ಲಿ ಪರದೆ ಮೇಲೆ 'ಸೇಫ್' ಅಂತ ಬರುತ್ತದೆ, ಎರಡು ಸಲ ತಪ್ಪು ಒತ್ತಿದರೆ ಸುಮಾರು 1 ಗಂಟೆ ಮತ್ತೆ ಮುಟ್ಟಲು ಬಿಡುವುದಿಲ್ಲ. ಅದಕ್ಕೇ ಅಂದಾಜಿನ ಮೇಲೆ ಒತ್ತಬೇಡಿ ಅಂತ ನಾನು ಬಂದವರಿಗೆಲ್ಲ ಹೇಳುತ್ತೇನೆ. ಕಾರು ತಗೊಂಡಾಗ ಕೋಡ್ ಬರೆದ ಸಣ್ಣ ಕಾರ್ಡ್ ಕೊಟ್ಟಿರುತ್ತಾರೆ, ಜನ ಅದನ್ನು ಮ್ಯಾನ್ಯುಯಲ್ ಜೊತೆ ಗ್ಲೋವ್ ಬಾಕ್ಸ್‌ನಲ್ಲೇ ಬಿಡುತ್ತಾರೆ. ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ! ಇವತ್ತೇ ಅದನ್ನು ಮನೆಯೊಳಗೆ ತಂದಿಡಿ. ಕಾರ್ಡ್ ಕಳೆದಿದ್ದರೆ ಸೆಟ್ಟಿನ ಸೀರಿಯಲ್ ನಂಬರ್ ಮತ್ತು ಕಾರಿನ ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ಕೋಡ್ ತೆಗೆಸಬಹುದು, ಬ್ಯಾಟರಿ ಬದಲಾಯಿಸುವ ಮುಂಚೆಯೇ ತೆಗೆಸಿಟ್ಟುಕೊಳ್ಳಿ.

ಹೊಸ ಕಾರುಗಳಲ್ಲಿ ಸುಮಾರು ಕಂಪನಿಗಳು ಕೋಡನ್ನೇ ಬಿಟ್ಟಿವೆ. ಸೆಟ್ ಆ ಕಾರಿನ ಕಂಪ್ಯೂಟರ್‌ಗೇ ಹೊಂದಿಕೊಂಡಿರುತ್ತದೆ, ಬೇರೆ ಕಾರಿಗೆ ಹಾಕಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಕಾರ್ಡ್ ಗ್ಲೋವ್ ಬಾಕ್ಸ್‌ನಲ್ಲೇ ಇತ್ತು, ಒಳಗೆ ತಂದಿಟ್ಟೆ. ಇನ್ನೊಂದು ಕೇಳಬೇಕಿತ್ತು. ಅಷ್ಟೆಲ್ಲ ಮಾಡಿಯೂ ಕಳ್ಳತನ ಆದರೆ ಆ ಜಿಪಿಎಸ್ ಎಲ್ಲಿದೆ ಅಂತ ಪೊಲೀಸರು ಪತ್ತೆ ಮಾಡಬಹುದಲ್ವಾ? ಅದು ಜಿಪಿಎಸ್ಸೇ ತಾನೇ.

ಕೊಲ್ಲಿಕನ್ನಡಿಗ:
ಆಗುವುದಿಲ್ಲ. ಅದು ಸ್ಯಾಟಲೈಟ್ ಕಳಿಸಿದ್ದನ್ನು ಕೇಳಿಸಿಕೊಳ್ಳುತ್ತದೆ, ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ, ಅಷ್ಟೇ. ಹೊರಗೆ ಏನನ್ನೂ ಕಳಿಸುವುದಿಲ್ಲ, ನಿಮ್ಮ ನೂವಿಯಲ್ಲಿ ಸಿಮ್ಮೇ ಇಲ್ಲ. ಹಿಂಭಾಗದ ಸೀರಿಯಲ್ ನಂಬರ್‌ನ ಫೋಟೋ ತೆಗೆದಿಟ್ಟುಕೊಂಡು ಪೊಲೀಸ್ ರಿಪೋರ್ಟ್‌ನಲ್ಲಿ ಬರೆಸಿ. ಯಾವತ್ತಾದರೂ ಕದ್ದ ಮಾಲು ಸಿಕ್ಕರೆ ನಿಮ್ಮದು ಅಂತ ತೋರಿಸಲು ಅದೊಂದೇ ದಾರಿ. ಇನ್ಶೂರೆನ್ಸ್ ಮೇಲೂ ಜಾಸ್ತಿ ಭರವಸೆ ಇಡಬೇಡಿ. ಕಾರಿನ ಪಾಲಿಸಿಯಲ್ಲಿ ಕಾಂಪ್ರಿಹೆನ್ಸಿವ್ (ಕಳ್ಳತನದಂಥ ನಷ್ಟಕ್ಕೆ ಇರುವ ಭಾಗ) ಇದ್ದರೆ ಗಾಜಿಗೆ ಬರುತ್ತದೆ, ಒಳಗೆ ಬಿಡಿಯಾಗಿ ಇಟ್ಟ ವಸ್ತುಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ಅದು ರೆಂಟರ್ಸ್ ಪಾಲಿಸಿಯ, ಅಂದರೆ ಬಾಡಿಗೆ ಮನೆಯವರು ತಮ್ಮ ಸಾಮಾನಿಗೆ ಮಾಡಿಸುವ ವಿಮೆಯ ಲೆಕ್ಕಕ್ಕೆ ಹೋಗುತ್ತದೆ, ಅಲ್ಲಿ ನಾವೇ ಮೊದಲು ಕಟ್ಟಬೇಕಾದ ಡಿಡಕ್ಟಿಬಲ್ ಹಳೆಯ ನೂವಿಯ ಬೆಲೆಗಿಂತ ದೊಡ್ಡದಿರುತ್ತದೆ.

ಕರಾವಳಿಹುಡುಗಿ:
ಒಂದು ಮಾತು ಸೇರಿಸ್ತೇನೆ. ಈ ಲಾಕ್‌ಗಳಿಗೆಲ್ಲ ಬೆಲೆ ಬರುವುದು ಕದ್ದ ಮಾಲನ್ನು ಯಾರೂ ಕೊಳ್ಳದಿದ್ದಾಗ. ಸೆಕೆಂಡ್ ಹ್ಯಾಂಡ್ ಜಿಪಿಎಸ್ಸೋ ಕಾರಿನ ಸೆಟ್ಟೋ ಕೊಳ್ಳುವಾಗ ದುಡ್ಡು ಕೊಡುವ ಮುಂಚೆ ಎದುರಿಗೇ ಆನ್ ಮಾಡಿಸಿ. ಪಿನ್ ಕೇಳಿ ಮಾರುವವನು ತಡಕಾಡಿದರೆ, ಅಥವಾ 'ಪಿನ್ ಮರೆತಿದ್ದೇನೆ, ಕಡಿಮೆಗೆ ಕೊಡ್ತೇನೆ, ಅಂಗಡಿಯಲ್ಲಿ ತೆಗೆಸ್ಕೊಳ್ಳಿ' ಅಂದರೆ ಎಷ್ಟೇ ಅಗ್ಗ ಇದ್ದರೂ ವಾಪಸ್ ಕೊಟ್ಟು ಬನ್ನಿ. ನೀವು ಮಾರುವುದಿದ್ದರೆ ಪಿನ್, ಹೋಮ್ ವಿಳಾಸ, ಹಿಂದೆ ಹೋದ ಜಾಗಗಳ ಪಟ್ಟಿ ಎಲ್ಲ ಅಳಿಸಿಯೇ ಕೊಡಿ.