ಬೂಸ್ಟರ್ ಪಂಪ್ ಗುಂಯ್ ಅನ್ನುತ್ತದೆ, ತಿರುಗಲ್ಲ. ಕೆಳಗೆ ನೀರೂ ಸೋರುತ್ತಿದೆ

ತೋಟದಮನೆ_ಆಲ್ದೂರು

ಎಲ್ಲರಿಗೂ ನಮಸ್ಕಾರ. ಆಲ್ದೂರು ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ತೋಟದ ನಡುವೆ 30 ಅಡಿ ಉದ್ದ, 15 ಅಡಿ ಅಗಲದ ಸ್ವಿಮ್ಮಿಂಗ್ ಪೂಲ್. ಸುತ್ತ ಸಿಲ್ವರ್ ಓಕ್. ಈ ಮರ ಬೇಸಿಗೆಯಲ್ಲಿ ಹೇಗೆ ಎಲೆ ಉದುರಿಸುತ್ತೆ ಅಂತ ಕಾಫಿ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ನೀರಿನ ಮೇಲೆ ಚಾಪೆ ಹಾಸಿದ ಹಾಗಿರುತ್ತದೆ. ಅದಕ್ಕೇ ನಮ್ಮ ಯಜಮಾನರು ಮೂರು ಚಕ್ರದ ಕ್ಲೀನರ್ ಹಾಕಿಸಿದ್ದಾರೆ. ಬಾಲ ಬೀಸಿಕೊಂಡು ತಳದಲ್ಲಿ ಓಡಾಡಿ ಎಲೆಯನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುತ್ತದಲ್ಲ, ಅದು. ಅದಕ್ಕೆ ನೀರು ತಳ್ಳಲು ಬೇರೆಯೇ ಒಂದು ಮುಕ್ಕಾಲು ಎಚ್‌ಪಿ ಬೂಸ್ಟರ್ ಪಂಪ್. ಮೇನ್ ಪಂಪ್ ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಓಡುತ್ತದೆ, ಬೂಸ್ಟರ್ 9ರಿಂದ 12ರವರೆಗೆ. ಎರಡಕ್ಕೂ ಟೈಮರ್ ಇದೆ.

ಹೋದ ವಾರದಿಂದ ಕ್ಲೀನರ್ ಓಡಾಡುತ್ತಿಲ್ಲ. ಬೂಸ್ಟರ್ ಸ್ವಿಚ್ ನಾನೇ ಕೈಯಲ್ಲಿ ಆನ್ ಮಾಡಿದರೆ ಗುಂಯ್ ಅಂತ ಸದ್ದು ಬರುತ್ತದೆ, ತಿರುಗಲ್ಲ, ಐದಾರು ಸೆಕೆಂಡಿಗೆ ಎಂಸಿಬಿ (ಕರೆಂಟ್ ಜಾಸ್ತಿ ಎಳೆದರೆ ತಾನೇ ಬೀಳುವ ಸ್ವಿಚ್) ಬಿದ್ದುಬಿಡುತ್ತದೆ. ಆಮೇಲೆ ಮೋಟರಿಗೂ ಪಂಪಿಗೂ ನಡುವಿನ ಜಾಗದಿಂದ ನೀರು ತೊಟ್ಟಿಕ್ಕುತ್ತದೆ. ವಿಚಿತ್ರ ಅಂದರೆ ಬೂಸ್ಟರ್ ಆಫ್ ಇದ್ದಾಗಲೂ ಬೆಳಿಗ್ಗೆ ಹೊತ್ತು ಸೋರುತ್ತದೆ, ಸಂಜೆ ಸೋರಲ್ಲ. ಒಂದೆರಡು ವಾರದಿಂದ ಸಂಜೆ ಹೊತ್ತಲ್ಲಿ ಪಂಪ್ ಶೆಡ್ ಕಡೆಯಿಂದ ಕಿರ್ರ್ ಅಂತ ಸದ್ದು ಬರುತ್ತಿತ್ತು. ಜೀರುಂಡೆ ಅಂದುಕೊಂಡು ಸುಮ್ಮನಾಗಿದ್ದೆ.

ಇಲ್ಲಿನ ಎಲೆಕ್ಟ್ರಿಷಿಯನ್ ಬಂದು ನಿಂತಲ್ಲೇ ನೋಡಿ "ಕಾಯಿಲ್ ಹೋಗಿದೆ, ಹೊಸಾದೇ ತಗೊಳ್ಳಿ" ಅಂದರು. ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಎರಡು ಸಲ ಬಿತ್ತು, ಅದನ್ನು ತೆಗೆದು ನೇರ ಕೊಟ್ಟು ನೋಡೋಣ ಅಂತಲೂ ಅಂದರು. ನಾನು ಬೇಡ ಅಂದೆ. ಮೇ ಪೂರ್ತಿ ಬುಕಿಂಗ್ ಇದೆ. ಹೊಸದೇ ತರಬೇಕಾ, ರಿಪೇರಿ ಆಗುತ್ತಾ?

ವೈಂಡಿಂಗ್_ಹಾಸನ

ಅಕ್ಕ, ಇಎಲ್‌ಸಿಬಿ ತೆಗೆಯಲು ಬಿಡದೆ ಇದ್ದಿರಲ್ಲ, ಅದು ಬಹಳ ಒಳ್ಳೇದಾಯಿತು. ಮಕ್ಕಳು ಇಳಿಯುವ ನೀರು ಅದು. 30 ಮಿಲಿಆಂಪ್ ಇಎಲ್‌ಸಿಬಿ ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟ್ ಮೋಟರ್ ಮೈಗೆ ಸೋರುತ್ತಿದೆ ಅಂತಲೇ ಅರ್ಥ. ನೇರ ಕೊಡುವ ಮಾತಾಡಿದವರನ್ನು ಪೂಲ್ ಹತ್ತಿರ ಸೇರಿಸಬೇಡಿ.

ಕಾಯಿಲ್ (ಮೋಟರಿನೊಳಗಿನ ತಂತಿ ಸುತ್ತು) ಹೋಗಿದೆಯೋ ಇಲ್ಲವೋ ಮುಟ್ಟದೆ ಹೇಳಲು ಆಗಲ್ಲ. ಹಾಸನದಲ್ಲಿ ನನ್ನ ಅಂಗಡಿಗೆ ಹೀಗೆ ಗುಂಯ್ ಅನ್ನುತ್ತದೆ ಅಂತ ಬರುವ ಮೋಟರಿನಲ್ಲಿ ಮುಕ್ಕಾಲು ಪಾಲು ಕಾಯಿಲ್ ಚೆನ್ನಾಗಿಯೇ ಇರುತ್ತದೆ. ಮೊದಲು ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಮೋಟರ್ ಹಿಂದಿನ ಫ್ಯಾನ್ ಕವರ್ ಬಿಚ್ಚಿ, ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ. ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ತಿರುಗಿದರೆ ಕಂಡೆನ್ಸರ್ (ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್) ಅಥವಾ ವೋಲ್ಟೇಜ್ ಕಡೆ ನೋಡಬೇಕು. ಬಿಗಿ ಇದ್ದರೆ ಬೇರಿಂಗ್ ಜಾಮ್, ಇಲ್ಲಾ ಒಳಗೆ ನೀರು ತಳ್ಳುವ ಚಕ್ರ, ಇಂಪೆಲ್ಲರಿಗೆ ಏನೋ ಸಿಕ್ಕಿಕೊಂಡಿದೆ.

ಕಂಡೆನ್ಸರ್ ಬಿಚ್ಚುವ ಮುಂಚೆ ಅದರ ಎರಡು ತುದಿಗೆ ಹೋಲ್ಡರ್ ವೈರ್ ಸಮೇತ ಒಂದು 100 ವ್ಯಾಟ್ ಹಳೇ ಗುಂಡು ಬಲ್ಬ್ ಹಿಡಿದು ಚಾರ್ಜ್ ಇಳಿಸಿ. ಕರೆಂಟ್ ಆಫ್ ಇದ್ದರೂ ಅದು ಹೊಡೆಯುತ್ತದೆ. ಗೊತ್ತಿಲ್ಲ ಅಂದರೆ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಮೈಕ್ರೋಫ್ಯಾರಡ್ ಅಳೆಯುವ ಮೀಟರಿನಲ್ಲಿ ನೋಡಿದಾಗ ಮೇಲೆ ಬರೆದಿರುವ ಅಂಕಿಗಿಂತ ಹತ್ತು ಪರ್ಸೆಂಟಿಗಿಂತ ಜಾಸ್ತಿ ಕಮ್ಮಿ ಇದ್ದರೆ ಎಸೆಯುವುದೇ.

ಸಕಲೇಶಪುರ_ಗುಡ್ಡ

ನಮ್ಮಲ್ಲೂ ಎರಡು ವರ್ಷದ ಹಿಂದೆ ಇದೇ ಕಥೆ, ಆದರೆ ಕಾರಣ ವೋಲ್ಟೇಜ್. ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಮೋಟರ್ ಶುರು ಮಾಡಿದಾಗ ನಮಗೆ 180 ಬರುತ್ತಿತ್ತು. 230ರ ಮೋಟರಿಗೆ 180 ಕೊಟ್ಟರೆ ಸ್ಟಾರ್ಟ್ ಆಗುವಾಗಿನ ಎಳೆಯುವ ಶಕ್ತಿ 100ಕ್ಕೆ 61ರಷ್ಟು ಮಾತ್ರ ಉಳಿಯುತ್ತದೆ. ವೋಲ್ಟೇಜ್ ಇಳಿದಷ್ಟೇ ಅಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ.

ಇನ್ನೊಂದು, ಮನೆಯಿಂದ ಶೆಡ್ಡಿಗೆ ಎಷ್ಟು ದೂರ, ಯಾವ ವೈರು? ನಮ್ಮದು 60 ಮೀಟರ್, ಕಾಂಟ್ರಾಕ್ಟರ್ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದಿದ್ದ. ಹೋಗಿ ಬರುವ ದಾರಿ ಸೇರಿ ಸುಮಾರು ಒಂದೂವರೆ ಓಮ್. ಓಡುವಾಗ 5 ಆಂಪ್ ಎಳೆದರೆ 7 ವೋಲ್ಟ್ ಹೋಗುತ್ತದೆ, ಪರವಾಗಿಲ್ಲ. ಸ್ಟಾರ್ಟ್ ಆಗುವಾಗ 25 ಆಂಪ್ ಎಳೆದರೆ 36 ವೋಲ್ಟ್ ದಾರಿಯಲ್ಲೇ ಹೋಯಿತಲ್ಲ. 4 ಸ್ಕ್ವೇರ್ ಹಾಕಿಸಿದ ಮೇಲೆ ಸರಿಹೋಯಿತು. ಮೀಟರ್ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ ಮೇಡಂ. ಪಂಪಿನ ಹತ್ತಿರ, ಅದು ಸ್ಟಾರ್ಟ್ ಆಗುವ ಗಳಿಗೆಯಲ್ಲಿ ನೋಡಬೇಕು.

ನಮ್ಮ ಅಪ್ಪ ಈಗಲೂ ಬಲೆ ಹಿಡಿದು ಎಲೆ ತೆಗೆಯುತ್ತಾರೆ, ಮಷೀನ್ ನಂಬಲ್ಲ. ಅದೂ ಒಂದು ದಾರಿ 😀

ತೋಟದಮನೆ_ಆಲ್ದೂರು

ಇಬ್ಬರಿಗೂ ಥ್ಯಾಂಕ್ಸ್. ಮೈದುನ ಬಂದು ಬಿಚ್ಚಿ ನೋಡಿದ. ಫ್ಯಾನ್ ಅಲ್ಲಾಡಲ್ಲ, ಪೂರ್ತಿ ಜಾಮ್. ಮೋಟರಿನ ಮುಂಭಾಗದಲ್ಲಿ ಕೆಳಗೆ ತುಕ್ಕು ನೀರು ಇಳಿದು ಕೆಂಪಗೆ ಗೆರೆ ಬಿದ್ದಿದೆ, ಪಕ್ಕದಲ್ಲಿ ಬಿಳಿ ಉಪ್ಪು ಕಟ್ಟಿದೆ. ಕಂಡೆನ್ಸರ್ ಮೇಲೆ 20 ಅಂತ ಇದೆ, ಮೀಟರ್ 11 ತೋರಿಸಿತು. ವೋಲ್ಟೇಜ್ ಶೆಡ್ಡಿನಲ್ಲಿ 218 ಇದೆ, ವೈರೂ 4 ಸ್ಕ್ವೇರೇ. ಹಾಗಾದರೆ ಬೇರಿಂಗ್, ಕಂಡೆನ್ಸರ್ ಹಾಕಿಸಿದರೆ ಮುಗೀತಾ?

ನೀಲಿನೀರು_ಚಿಕ್ಕಮಗಳೂರು

ಮುಗಿಯಲ್ಲ ಮೇಡಂ. ಹಾಕಿಸಿದ ಹದಿನೈದು ದಿನಕ್ಕೆ ಮತ್ತೆ ಇಲ್ಲೇ ಬಂದು ಬರೆಯುತ್ತೀರಿ. ನಾನು ಈ ಕಡೆ ಹೋಂಸ್ಟೇಗಳ ಪೂಲ್ ನೋಡಿಕೊಳ್ಳುವವನು. ನಿಮ್ಮ ಮೊದಲ ಮೆಸೇಜನ್ನು ಎರಡು ಸಲ ಓದಿದೆ.

ಬೂಸ್ಟರ್ ಪಂಪ್ ತಾನಾಗಿ ಪೂಲಿನಿಂದ ನೀರು ಎಳೆದುಕೊಳ್ಳುವುದಲ್ಲ. ಮೇನ್ ಪಂಪ್ ಫಿಲ್ಟರ್ ಮೂಲಕ ತಳ್ಳಿದ ನೀರಿನಲ್ಲೇ ಒಂದು ಪಾಲು ತೆಗೆದುಕೊಂಡು ಅದರ ಪ್ರೆಷರ್ ಏರಿಸಿ ಕ್ಲೀನರಿಗೆ ಕೊಡುತ್ತದೆ, ಅಷ್ಟೇ ಅದರ ಕೆಲಸ. ಹಾಗಾಗಿ ಮೇನ್ ಓಡುವಾಗ ಬೂಸ್ಟರ್ ನಿಂತಿದ್ದರೂ ಅದರ ಹೊಟ್ಟೆಯಲ್ಲಿ ಪ್ರೆಷರ್ ಇರುತ್ತದೆ. ತಿರುಗುವ ಶಾಫ್ಟ್ ಸುತ್ತ ನೀರು ತಡೆಯುವ ಸೀಲ್ ಹೋಗಿದ್ದರೆ ಬೆಳಿಗ್ಗೆ ಸೋರುತ್ತದೆ, ಮೇನ್ ನಿಂತ ಮೇಲೆ ಸೋರಲ್ಲ. ನಿಮ್ಮ ವಿಚಿತ್ರಕ್ಕೆ ಉತ್ತರ ಇದು.

ಸೀಲ್ ಯಾಕೆ ಹೋಯಿತು ಅನ್ನುವುದು ಮುಖ್ಯ. ಸೀಲ್ ಅಂದರೆ ಒಂದು ಕಾರ್ಬನ್ ಬಿಲ್ಲೆ, ಒಂದು ಸೆರಾಮಿಕ್ ಬಿಲ್ಲೆ, ಒಂದರ ಮೇಲೊಂದು ಉಜ್ಜಿಕೊಂಡೇ ತಿರುಗುತ್ತವೆ. ನಡುವಿನ ತೆಳು ನೀರೇ ಅದಕ್ಕೆ ಎಣ್ಣೆ ಇದ್ದ ಹಾಗೆ, ಅದೇ ತಂಪೂ ಮಾಡುತ್ತದೆ. ನೀರಿಲ್ಲದೆ ಓಡಿದರೆ ಸ್ವಲ್ಪ ಹೊತ್ತಿಗೇ ಕಾದು, ರಬ್ಬರ್ ಸುಟ್ಟು, ಬಿಲ್ಲೆ ಬಿರುಕು ಬಿಡುತ್ತದೆ. ಆಗ ಬರುವ ಸದ್ದು ಕಿರ್ರ್ ಅಂತಲೇ ಇರುತ್ತದೆ.

ಈಗ ಹೇಳಿ. ನಿಮ್ಮ ಬೂಸ್ಟರ್ ಬೆಳಿಗ್ಗೆ 9ರಿಂದ 12 ಓಡುವುದು ಅಂದಿರಿ. ಸದ್ದು ಸಂಜೆ ಬಂತು ಅಂದಿರಿ. ಸಂಜೆ ಶೆಡ್ಡಿನಲ್ಲಿ ಏನು ಓಡುತ್ತಿತ್ತು? ಎರಡು ಟೈಮರೂ ಒಂದೇ ತರದ್ದಾ? ಈಗಲೇ ಹೋಗಿ ಎರಡರಲ್ಲೂ ಟೈಮ್ ಎಷ್ಟು ತೋರಿಸುತ್ತಿದೆ ನೋಡಿ ಬನ್ನಿ.

ತೋಟದಮನೆ_ಆಲ್ದೂರು

ಅಯ್ಯೋ ಸಾರ್. ನೋಡಿಬಂದೆ. ಮೇನ್ ಪಂಪಿನದು ಡಿಜಿಟಲ್, ಅದು ಸರಿಯಾಗಿ 11.20 ತೋರಿಸುತ್ತಿದೆ. ಬೂಸ್ಟರಿನದು ಸುತ್ತ ಸಣ್ಣ ಹಲ್ಲು ಇರುವ ಚಕ್ರದ ಟೈಮರ್. ಅದರ ಬಾಣ 4.35ರಲ್ಲಿದೆ, ಅದೂ ಬೆಳಗಿನ ಜಾವದ 4.35!

ಈಗ ಅರ್ಥ ಆಯಿತು. ಗುಡುಗು ಮಳೆ ಶುರುವಾದ ಮೇಲೆ ಕರೆಂಟ್ ಹೋಗುವುದು ಬರುವುದು ಇದ್ದೇ ಇದೆ, ಒಮ್ಮೊಮ್ಮೆ ಎರಡು ಗಂಟೆ ಬರಲ್ಲ. ಡಿಜಿಟಲ್ ಟೈಮರಿಗೆ ಬ್ಯಾಟರಿ ಇದೆ, ಅದು ಲೆಕ್ಕ ತಪ್ಪಲ್ಲ. ಚಕ್ರದ್ದು ಕರೆಂಟ್ ಹೋದಾಗಲೆಲ್ಲ ನಿಂತು, ಬಂದ ಮೇಲೆ ನಿಂತಲ್ಲಿಂದಲೇ ಹೊರಟಿದೆ. ಹೀಗೆ ಸ್ವಲ್ಪ ಸ್ವಲ್ಪ ಹಿಂದೆ ಬಿದ್ದು ಆರೂ ಮುಕ್ಕಾಲು ಗಂಟೆ ಆಗಿದೆ. ಅಂದರೆ ಅದರ 9ರಿಂದ 12 ಅಂದರೆ ನಮ್ಮ 3.45ರಿಂದ 6.45. ಮೇನ್ 2ಕ್ಕೇ ನಿಂತಿರುತ್ತದೆ. ದಿನಾ ಮೂರು ಗಂಟೆ ಒಣಗಿದ ಪಂಪ್ ಓಡಿದೆ, ನಾನು ಗೆಸ್ಟಿಗೆ ಕಾಫಿ ಕೊಡುತ್ತಾ "ಕೇಳಿ, ನಮ್ಮ ಜೀರುಂಡೆ" ಅಂತ ತೋರಿಸಿದ್ದೇನೆ ಬೇರೆ.

ನೀಲಿನೀರು_ಚಿಕ್ಕಮಗಳೂರು

😄 ಹಾಗೆ ಮೋಸ ಹೋದವರಲ್ಲಿ ನೀವೇ ಮೊದಲಲ್ಲ ಮೇಡಂ.

ಸೀಲ್ ಸುಟ್ಟಿತು, ಸೋರಿದ ನೀರು ಶಾಫ್ಟ್ ಮೇಲೆ ಹೋಗಿ ಬೇರಿಂಗಿಗೆ ಇಳಿಯಿತು, ಬೇರಿಂಗ್ ತುಕ್ಕು ಹಿಡಿದು ಜಾಮ್ ಆಯಿತು. ಸೊರಗಿದ ಕಂಡೆನ್ಸರಿಗೆ ಅದನ್ನು ಎಬ್ಬಿಸುವ ತಾಕತ್ತಿರಲಿಲ್ಲ. ಇಎಲ್‌ಸಿಬಿ ಬಿದ್ದದ್ದು ಮೋಟರಿನೊಳಗಿನ ತೇವಕ್ಕೆ ಇರಬಹುದು, ಅದನ್ನು ಹಾಸನದ ಅಣ್ಣ ಹೇಳಲಿ.

ಟೈಮರ್ ಸರಿಯಾದ ಟೈಮಿಗೆ ತಿರುಗಿಸಿಟ್ಟರೆ ಸಾಲದು, ಮುಂದಿನ ಮಳೆಗೆ ಮತ್ತೆ ಅದೇ ಹಾಡು. ಮೇನ್ ಪಂಪಿನ ಕಾಂಟ್ಯಾಕ್ಟರಿನಲ್ಲಿ (ಪಂಪಿಗೆ ಕರೆಂಟ್ ಕೊಡುವ ದೊಡ್ಡ ರಿಲೇ ಸ್ವಿಚ್) ಒಂದು ಖಾಲಿ ಎನ್‌ಒ ಪಾಯಿಂಟ್ (ಕಾಂಟ್ಯಾಕ್ಟರ್ ಆನ್ ಆದಾಗ ಮಾತ್ರ ಕೂಡುವುದು) ಇರುತ್ತದೆ, ಇಲ್ಲದಿದ್ದರೆ ಪಕ್ಕಕ್ಕೆ ಸಿಕ್ಕಿಸುವ ಬ್ಲಾಕ್ ಸಿಗುತ್ತದೆ. ಬೂಸ್ಟರ್ ಕಾಂಟ್ಯಾಕ್ಟರಿನ ಕಾಯಿಲ್ ಸಪ್ಲೈಯನ್ನು ಅದರ ಮೂಲಕ ಹಾಯಿಸಿ. ಆಗ ಬೂಸ್ಟರ್ ಟೈಮರ್ ಎಷ್ಟು ಹುಚ್ಚಾಟ ಆಡಿದರೂ ಮೇನ್ ಆನ್ ಆಗದೆ ಬೂಸ್ಟರ್ ಏಳುವುದಿಲ್ಲ.

ಆದರೂ ಒಂದು ತೂತು ಉಳಿಯುತ್ತದೆ. ಸ್ಯಾಂಡ್ ಫಿಲ್ಟರ್ ಬ್ಯಾಕ್‌ವಾಶ್ (ನೀರು ಉಲ್ಟಾ ಹಾಯಿಸಿ ಮರಳು ತೊಳೆಯುವುದು) ಮಾಡುವಾಗ ಮೇನ್ ಓಡುತ್ತಿರುತ್ತದೆ, ಆದರೆ ನೀರೆಲ್ಲ ಹೊರಗೆ ಚರಂಡಿಗೆ ಹೋಗುತ್ತದೆ, ಬೂಸ್ಟರ್ ಕಡೆಗೆ ಬರಲ್ಲ. ನಿಮ್ಮ ಹುಡುಗ ಹತ್ತು ಗಂಟೆಗೆ ಬ್ಯಾಕ್‌ವಾಶ್ ಮಾಡುವ ಅಭ್ಯಾಸ ಇದ್ದರೆ ಅದೂ ಒಣ ಓಟವೇ. ಮೊದಲು ಬೂಸ್ಟರ್ ಆಫ್, ಆಮೇಲೆ ವಾಲ್ವ್ ಹಿಡಿಕೆ ಮುಟ್ಟುವುದು. ಇದನ್ನು ಫಿಲ್ಟರ್ ಮೇಲೇ ಬರೆದು ಅಂಟಿಸಿ. ದುಡ್ಡು ಹಾಕುವ ಮನಸ್ಸಿದ್ದರೆ ಬೂಸ್ಟರಿಗೆ ನೀರು ಬರುವ ಪೈಪಿಗೆ ಪ್ರೆಷರ್ ಸ್ವಿಚ್ ಕೂರಿಸಬಹುದು, ಆಗ ಎರಡೂ ಚಿಂತೆ ಇಲ್ಲ.

ವೈಂಡಿಂಗ್_ಹಾಸನ

ಹೌದು, ತೇವವೇ ಇರಬೇಕು. ಮೋಟರ್ ಬಿಚ್ಚಿದ ಮೇಲೆ ಮೆಗ್ಗರ್ (ಕಾಯಿಲಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. ಒಂದು ಮೆಗಾಓಮಿಗಿಂತ ಕಮ್ಮಿ ಬಂದರೆ ಓಡಿಸಬೇಡಿ. ಡಬ್ಬದಲ್ಲಿಟ್ಟು ಒಳಗೆ 100 ವ್ಯಾಟ್ ಬಲ್ಬ್ ಉರಿಸಿ ಒಂದು ದಿನ ಬಿಟ್ಟರೆ ಎಷ್ಟೋ ಮೋಟರಿನಲ್ಲಿ ಆ ಅಂಕಿ ಏರುತ್ತದೆ. ಏರದಿದ್ದರೆ ಮಾತ್ರ ರೀವೈಂಡಿಂಗ್.

ಬೇರಿಂಗ್ ಹಳೇದರ ಮೇಲೇ ನಂಬರ್ ಇರುತ್ತದೆ. ಈ ಸೈಜ್ ಮೋಟರಿಗೆ ಸಾಮಾನ್ಯವಾಗಿ 6203 ಬರುತ್ತದೆ, ಒಳಗೆ 17 ಎಂಎಂ, ಹೊರಗೆ 40. ಅಂಗಡಿಯಲ್ಲಿ ಸುಮ್ನೆ 6203 ಅಂದರೆ ತಗಡಿನ ಮುಚ್ಚಳದ್ದು ಕೊಡುತ್ತಾರೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ, ನೀರಿನ ಹತ್ತಿರ ಅದೇ ಬಾಳುವುದು. ಎರಡು ಬೇರಿಂಗೂ ಒಟ್ಟಿಗೇ ಬದಲಾಯಿಸಿ. ಸೊಂಟ ಹಿಡಿದ ಎತ್ತಿನ ಜೊತೆ ಹೊಸ ಎತ್ತು ಕಟ್ಟಬೇಡಿ.

ಸೀಲ್ ಕೂರಿಸುವಾಗ ಅರ್ಧ ಜನ ತಪ್ಪು ಮಾಡುವುದು ಇಲ್ಲೇ. ಬಿಳಿ ಸೆರಾಮಿಕ್ಕಿನ ನುಣುಪು ಮುಖ ಕಾರ್ಬನ್ ಕಡೆಗೆ ಇರಬೇಕು. ಆ ಎರಡು ಮುಖಗಳನ್ನು ಬೆರಳಲ್ಲಿ ಮುಟ್ಟಬಾರದು, ಕೈಯ ಜಿಡ್ಡೇ ಸಾಕು ಸೋರಲು. ಮುಟ್ಟಿದರೆ ಶುದ್ಧ ಬಟ್ಟೆಯಲ್ಲಿ ಒರೆಸಿ. ಗ್ರೀಸ್, ಎಣ್ಣೆ ಏನೂ ಬೇಡ. ರಬ್ಬರ್ ಬಟ್ಟಲು ಒಳಗೆ ಜಾರಲು ಸೋಪ್ ನೀರು ಸಾಕು. ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಮಾತ್ರ, ಗಾಡಿಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ.

ಎಲ್ಲಾ ಜೋಡಿಸಿದ ಮೇಲೆ "ಒಂದು ಸಲ ತಿರುಗುತ್ತಾ ನೋಡೋಣ" ಅಂತ ನೀರಿಲ್ಲದೆ ಆನ್ ಮಾಡುವವರು ಇರುತ್ತಾರೆ. ಅವರ ಕೈ ಹಿಡಿದು ನಿಲ್ಲಿಸಿ. ಹೊಸ ಸೀಲ್ ಅಲ್ಲೇ ಹೋಗುತ್ತದೆ.

ತೋಟದಮನೆ_ಆಲ್ದೂರು

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನಲ್ಲೇ ಒಂದು ವೈಂಡಿಂಗ್ ಅಂಗಡಿಗೆ ಕೊಟ್ಟೆವು. ಮೆಗ್ಗರ್ ಮೊದಲು ಅರ್ಧ ಮೆಗಾಓಮಿಗಿಂತ ಕೆಳಗಿತ್ತು, ಬಲ್ಬ್ ಹಾಕಿ ಒಣಗಿಸಿದ ಮೇಲೆ ಏರಿತು, ಕಾಯಿಲ್ ಮುಟ್ಟಲೇ ಇಲ್ಲ. ಹಳೇ ಸೀಲ್ ತಂದು ತೋರಿಸಿದರು. ಸೆರಾಮಿಕ್ ಎರಡು ಹೋಳಾಗಿತ್ತು, ರಬ್ಬರ್ ಕರಕಲು ಹಪ್ಪಳದ ಹಾಗೆ ಬೆರಳಲ್ಲೇ ಪುಡಿಯಾಯಿತು. ಸೀಲ್, ಎರಡು ಬೇರಿಂಗ್, ಕಂಡೆನ್ಸರ್, ಮಜೂರಿ ಎಲ್ಲಾ ಸೇರಿ 2,300 ರೂಪಾಯಿ. ಹೊಸ ಪಂಪ್ ತಂದಿದ್ದರೆ ಅದೂ ಇಷ್ಟೊತ್ತಿಗೆ ಸುಟ್ಟಿರುತ್ತಿತ್ತು, ಟೈಮರ್ ಹಾಗೇ ಇರುತ್ತಿತ್ತಲ್ಲ.

ಕಾಂಟ್ಯಾಕ್ಟರ್ ವೈರಿಂಗ್ ಬೇರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ. ಮೇನ್ ಆಫ್ ಮಾಡಿದ ಕೂಡಲೇ ಬೂಸ್ಟರ್ ಟಕ್ ಅಂತ ನಿಲ್ಲುತ್ತದೆ, ಮೂರು ಸಲ ನೋಡಿದೆ. ಬ್ಯಾಕ್‌ವಾಶ್ ವಿಷಯ ಕೇಳಿದರೆ ನಮ್ಮ ಹುಡುಗ ತಲೆ ಕೆರೆದುಕೊಂಡ. ಹತ್ತೂವರೆಗೆ ಮಾಡುತ್ತಿದ್ದನಂತೆ, ವಾರಕ್ಕೆ ಎರಡು ಸಲ.

ನಿನ್ನೆ ಸಂಜೆ ಮತ್ತೆ ಕಿರ್ರ್ ಅಂತ ಕೇಳಿ ಟಾರ್ಚ್ ಹಿಡಿದು ಓಡಿದೆ. ಈ ಸಲ ನಿಜವಾಗಲೂ ಜೀರುಂಡೆ.

ಸಕಲೇಶಪುರ_ಗುಡ್ಡ

ಮೇಡಂ, ಸೀಲ್ ಸೈಜ್ ಎಷ್ಟು ಹಾಕಿದರು? ನಾನೂ ಒಂದು ತಂದಿಟ್ಟುಕೊಳ್ಳೋಣ ಅಂತ. ನಮ್ಮ ಎರಡು ಟೈಮರೂ ಚಕ್ರದ್ದೇ, ಈಗ ಹೋಗಿ ನೋಡಿದರೆ ಎರಡೂ ಒಟ್ಟಿಗೇ ಐದು ಗಂಟೆ ಹಿಂದೆ ಇವೆ 😅

ವೈಂಡಿಂಗ್_ಹಾಸನ

ಸೈಜ್ ಕೇಳಿ ತರಬೇಡಿ ಸಾರ್, ಪಂಪಿನಿಂದ ಪಂಪಿಗೆ ಬೇರೆ. ನೇಮ್‌ಪ್ಲೇಟ್ ಫೋಟೋ ತೆಗೆದುಕೊಂಡು ಹೋಗಿ, ಬಿಚ್ಚಿದ್ದರೆ ಹಳೇ ಸೀಲ್ ಜೇಬಲ್ಲಿ ಹಾಕಿಕೊಂಡು ಹೋಗಿ. ಟೈಮರ್ ಎರಡನ್ನೂ ಇವತ್ತೇ ಸರಿ ಮಾಡಿ.