ಚಿತ್ರದ ಮುಂದೆ ಕೂತು ಮಾಡುವ ಮೈಂಡ್‌ಫುಲ್‌ನೆಸ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣದಲ್ಲಿ ಎದುರಿಗಿರುವುದರ ಮೇಲೆ ಪೂರ್ತಿ ಮನಸ್ಸಿಡುವುದು; ಚಿತ್ರ ನೋಡುತ್ತಾ ಅದನ್ನು ಮಾಡುವುದಕ್ಕೆ ಹೆಸರು ಹುಡುಕುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಹಲವು ದೇಶಗಳ ಗ್ಯಾಲರಿಗಳಲ್ಲಿ 'ಸ್ಲೋ ಆರ್ಟ್ ಡೇ' ನಡೆಯುತ್ತದೆ. ಐದು ಕೃತಿ ಆರಿಸಿಕೊಂಡು ಒಂದೊಂದರ ಮುಂದೆ 10 ನಿಮಿಷ ಕಳೆಯುವುದು, ಆಮೇಲೆ ಕೂತು ಮಾತಾಡುವುದು. 10 ನಿಮಿಷ ಏನು ಮಹಾ ಅನ್ನಬೇಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಲೆಕ್ಕ ಹಾಕಿದಾಗ (2001ರಲ್ಲಿ ಪ್ರಕಟವಾದ ಅಧ್ಯಯನ) ಜನ ಒಂದು ಕೃತಿ ನೋಡಿದ್ದು ಸರಾಸರಿ 27 ಸೆಕೆಂಡ್!

ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರವೊಂದನ್ನು ಇಟ್ಟುಕೊಂಡು ಕನ್ನಡದಲ್ಲಿ ಹೀಗೆ ನೋಡಿಸಬೇಕು ಅಂತ ಆಸೆ. ಒಬ್ಬರು ಮೆಲ್ಲಗೆ ಹೇಳುತ್ತಾ ಹೋಗುತ್ತಾರೆ: ಮೊದಲು ಉಸಿರು, ಆಮೇಲೆ ಚಿತ್ರದ ಅಂಚು, ಬಣ್ಣ. ಮನಸ್ಸು ಎಲ್ಲೋ ಹೋದರೆ ಬೈದುಕೊಳ್ಳದೆ ಮತ್ತೆ ಚಿತ್ರಕ್ಕೆ ಕರೆತರುವುದು. ಇದಕ್ಕೆ ಹೆಸರೇನು?

'ಧ್ಯಾನ' ಅಂದ ಕೂಡಲೇ ಜನ ಕಣ್ಣು ಮುಚ್ಚುತ್ತಾರೆ, ಇಲ್ಲಿ ಕಣ್ಣೇ ಮುಖ್ಯ. ಅದೂ ಅಲ್ಲದೆ 'ಯಾವ ಧ್ಯಾನದಲ್ಲಿದ್ದೀಯ?' ಅಂತ ಕೇಳುವುದು ಗಮನ ಇಲ್ಲದವರನ್ನೇ ಅಲ್ವಾ? 'ಗಮನಿಸಿ' ಅಂದರೆ ನೋಟಿಸ್ ಬೋರ್ಡ್ ನೆನಪಾಗುತ್ತದೆ. 'ದಿಟ್ಟಿಸು' ಸ್ವಲ್ಪ ಒರಟು, ಬಸ್ಸಿನಲ್ಲಿ ಯಾರೋ ನಮ್ಮನ್ನೇ ನೋಡಿದ ಹಾಗೆ. ಮೂಲಕ್ಕೇ ಹೋಗೋಣವೆಂದರೆ ಮೈಂಡ್‌ಫುಲ್‌ನೆಸ್ ಬಂದದ್ದು ಬೌದ್ಧ ಗ್ರಂಥಗಳ ಪಾಳಿ ಭಾಷೆಯ 'ಸತಿ'ಯ ಅನುವಾದವಾಗಿ. ಕನ್ನಡದಲ್ಲಿ ಸತಿ ಅಂದರೆ ಹೆಂಡತಿ. ಅದರ ಸಂಸ್ಕೃತ ರೂಪ 'ಸ್ಮೃತಿ' ಅಂದರೋ, ಮನುವೇ ಎದುರಿಗೆ ಬಂದು ನಿಲ್ಲುತ್ತಾನೆ.

'ಅವಧಾನ' ಚೆನ್ನಾಗಿತ್ತು. ಆದರೆ ಅಷ್ಟಾವಧಾನ, ಶತಾವಧಾನ ನೋಡಿದವರಿಗೆ ಅದು ಒಂದೇ ಹೊತ್ತಿಗೆ ಎಂಟೋ ನೂರೋ ಕಡೆ ಮನಸ್ಸಿಡುವ ಕಸರತ್ತು. ನಮಗೆ ಬೇಕಾದ್ದು ಅದರ ತದ್ವಿರುದ್ಧ.

ಸದ್ಯಕ್ಕೆ ನನ್ನ ಒಲವು 'ಸಾವಧಾನದ ನೋಟ'ದ ಕಡೆ. 'ಸಾವಧಾನವಾಗಿ ಓದಿ' ಅನ್ನುವಾಗ ಗಮನವೂ ಇದೆ, ಆತುರ ಬೇಡ ಅನ್ನುವುದೂ ಇದೆ. ಎರಡೂ ಒಂದೇ ಮಾತಿನಲ್ಲಿ ಸಿಕ್ಕರೆ ಇನ್ನೇನು ಬೇಕು? ಮದುವೆಯ 'ಸುಮುಹೂರ್ತೇ ಸಾವಧಾನ' ಯಾರಿಗಾದರೂ ನೆನಪಾದರೆ ಆಗಲಿ ಬಿಡಿ.

ಎರಡು ಪ್ರಶ್ನೆ. ಧಾರವಾಡ, ಕಲಬುರಗಿ ಕಡೆಯವರಿಗೆ 'ಸಾವಧಾನ'ದಲ್ಲಿ 'ಹುಷಾರ್!' ಅನ್ನುವ ಹಿಂದಿಯ ಎಚ್ಚರಿಕೆ ಜಾಸ್ತಿ ಕೇಳಿಸುತ್ತದೆಯೇ? ಹಾಗಿದ್ದರೆ ಈ ಪದ ಕೈಬಿಡುತ್ತೇನೆ. ಇನ್ನೊಂದು, ಸುಮ್ನೆ ಒಂದನ್ನೇ ನೋಡುತ್ತಾ ಕೂರುವುದಕ್ಕೆ ನಿಮ್ಮ ಮನೆಯಲ್ಲಿ, ಊರಲ್ಲಿ ಏನಂತಾರೆ? ಬೈಗುಳವಾದರೂ ಪರವಾಗಿಲ್ಲ, ಬರೆಯಿರಿ.