ಸಹಾಯ ಬೇಕು: ಫ್ರೋಜನ್ ಎಂಬ್ರಿಯೋ ಟ್ರಾನ್ಸ್‌ಫರ್ ಆದ್ಮೇಲೆ ಸೋಮವಾರಪೇಟೆಗೆ ವಾಪಸ್ ಬರ್ಬಹುದಾ?

ಎಲ್ರಿಗೂ ನಮಸ್ಕಾರ, ನಾವು ಸೋಮವಾರಪೇಟೆ ಕಡೆಯವ್ರು, ಐವಿಎಫ್ ಮೈಸೂರಲ್ಲಿ. ಫ್ರೆಶ್ ಟ್ರಾನ್ಸ್‌ಫರ್ (ಎಂಬ್ರಿಯೋ ಅಂದ್ರೆ ಭ್ರೂಣನ ಫ್ರೀಜ್ ಮಾಡದೆ ಹಾಕೋದು) ನಿಲ್ಲಲಿಲ್ಲ, ಈಗ ಫ್ರೀಜ್ ಮಾಡಿಟ್ಟಿರೋ, 5 ದಿನ ಬೆಳೆದ ಭ್ರೂಣ, ಅಂದ್ರೆ ಬ್ಲಾಸ್ಟೊಸಿಸ್ಟ್ ಹಾಕ್ತಾರೆ. ಗರ್ಭಕೋಶದ ಲೈನಿಂಗ್ (ಒಳಪದರ) 8 ಎಂಎಂ ಇದೆ, 7ರ ಮೇಲಿದ್ರೆ ಸಾಮಾನ್ಯವಾಗಿ ಪರ್ವಾಗಿಲ್ಲ ಅಂದ್ರು ಡಾಕ್ಟ್ರು. ಚಾನ್ಸ್ ಎಷ್ಟು ಅಂತ ಕೇಳಿದ್ರೆ ಮಾತ್ರ ನಗ್ತಾರೆ, ಎಗ್ಸ್ ತೆಗೆದಾಗ ಎಷ್ಟು ವಯಸ್ಸಿತ್ತೋ ಅದೇ ಮುಖ್ಯ ಈಗಿಂದಲ್ಲ ಅಂತಾರೆ, ನಂಗೆ ಆಗ 34, ಅದೊಂದೇ ಸಮಾಧಾನ.

ನನ್ನ ತಲೆಬಿಸಿ ರೋಡಿಂದು. ಕುಶಾಲನಗರ ತನಕ ಓಕೆ, ಆಮೇಲೆ ಮನೆ ತನಕ ತಿರುವು, ಗುಂಡಿ, ಈ ಮಳೇಲಂತೂ ಕೇಳೋದೇ ಬೇಡ. ಕುಲುಕಾಟಕ್ಕೆ ಎಂಬ್ರಿಯೋ ಜಾರಿ ಬೀಳಲ್ಲ, ಬೆಡ್ ರೆಸ್ಟೂ ಬೇಡ ಅಂತ ಡಾಕ್ಟ್ರು ಹೇಳಿದಾರೆ, ಆದ್ರೆ ನಮ್ಮತ್ತೆ ಮೂರು ತಿಂಗಳು ಮೈಸೂರಲ್ಲೇ ಮಲಗಿರು ಅಂತಿದಾರೆ, ಬಾಡಿಗೆ ಯಾರು ಕಟ್ಟೋದು ಹೇಳಿ!

ಇನ್ನೊಂದು, ಗರ್ಭ ನಿಲ್ಲೋಕೆ ಕೊಡೋ ಪ್ರೊಜೆಸ್ಟರಾನ್ ಹಾರ್ಮೋನ್ ಇಂಜೆಕ್ಷನ್ ದಿನಾ ತಗೋಬೇಕು, ಎಣ್ಣೆ ಥರ ಗಟ್ಟಿ ಇರುತ್ತೆ, ಹೋದ್ಸಲ ಸೊಂಟದ ಕೆಳಗೆ ಗಂಟುಗಂಟಾಗಿ ಕೂರೋಕೇ ಆಗ್ತಿರ್ಲಿಲ್ಲ. ಸೋಮವಾರಪೇಟೆ ಹತ್ರ ಮನೆಗೇ ಬಂದು ಹಾಕೋ ನರ್ಸಕ್ಕ ಯಾರಾದ್ರೂ ಇದಾರಾ? ಗರ್ಭ ನಿಂತಿದ್ಯಾ ಅಂತ ನೋಡೋ ಬೀಟಾ ಎಚ್‌ಸಿಜಿ ಬ್ಲಡ್ ಟೆಸ್ಟನ್ನ ಮಡಿಕೇರಿ ಇಲ್ಲಾ ಕುಶಾಲನಗರ ಲ್ಯಾಬಲ್ಲಿ ಮಾಡ್ಸಿದ್ರೆ ರಿಪೋರ್ಟ್ ಅದೇ ದಿನ ಸಿಗುತ್ತಾ?

ಕೊಡಗಿಂದ ಹೋಗಿ ಎಫ್‌ಇಟಿ (ಇದೇ ಫ್ರೋಜನ್ ಎಂಬ್ರಿಯೋ ಟ್ರಾನ್ಸ್‌ಫರ್) ಮಾಡಿಸ್ಕೊಂಡಿರೋ ಅಕ್ಕಂದಿರು ದಯವಿಟ್ಟು ಹೇಳಿ, ಅದೇ ದಿನ ವಾಪಸ್ ಬಂದ್ರಾ ಇಲ್ಲಾ ಉಳ್ಕೊಂಡ್ರಾ? ಪಪ್ಪಾಯಿ, ಪೈನಾಪಲ್ ಸಲಹೆ ಬೇಡಪ್ಪ, ಅದು ಮನೇಲೇ ಸಾಕಷ್ಟಾಗಿದೆ. ಇಲ್ಲಿ ಬರೆಯೋಕೆ ಮುಜುಗರ ಅನ್ಸಿದ್ರೆ ಇನ್‌ಬಾಕ್ಸಿಗೆ ಬನ್ನಿ.